ಹೊಸ ಫೋಟೋಗ್ರಾಫರುಗಳಿಗೆ ದರ ನಿಗದಿ ಕಲಿಸುವ ಆನ್‌ಲೈನ್ ತರಗತಿ: ಒಂದೂವರೆ ವರ್ಷ ಬಳಸಿದ ಮೇಲಿನ ವಿಮರ್ಶೆ

ಸ್ವತಂತ್ರವಾಗಿ ಫೋಟೋಗ್ರಫಿ ಕೆಲಸ ಶುರುಮಾಡುವವರಿಗೆ ನ್ಯಾಯವಾದ ದರ ಇಡುವುದನ್ನು ಹೇಳಿಕೊಡುತ್ತೇವೆ ಎನ್ನುವ ಒಂದು ಆನ್‌ಲೈನ್ ತರಗತಿಗೆ ನಾನು ಒಂದೂವರೆ ವರ್ಷದ ಹಿಂದೆ ಸೇರಿದ್ದೆ. ಎಂಟು ವಿಡಿಯೋ ಪಾಠಗಳು, ದರ ಲೆಕ್ಕ ಹಾಕುವ ಒಂದು ಸ್ಪ್ರೆಡ್‌ಶೀಟ್, ಕರಾರು ಪತ್ರದ ಮಾದರಿ, ಜೊತೆಗೆ ಶಿಕ್ಷಕರೊಂದಿಗೆ ವಿಡಿಯೋ ಕರೆಯಲ್ಲಿ ತಲಾ 40 ನಿಮಿಷಗಳ ಎರಡು ಭೇಟಿಗಳು ಶುಲ್ಕದಲ್ಲಿ ಸೇರಿದ್ದವು. ಆ ಶುಲ್ಕ ಆಗಿನ ನನ್ನ ಒಂದೂವರೆ ಶೂಟ್‌ನ ಗಳಿಕೆಗೆ ಸಮವಾಗಿತ್ತು; ಈಗಿನ ನನ್ನ ದರದಲ್ಲಿ ಹೇಳುವುದಾದರೆ ಅದು ಒಂದು ಶೂಟ್‌ನ ಅರ್ಧಕ್ಕಿಂತಲೂ ಕಡಿಮೆ. ಈ ವ್ಯತ್ಯಾಸದ ಪೂರ್ತಿ ಕೀರ್ತಿ ತರಗತಿಗೆ ಸಲ್ಲುವುದಿಲ್ಲ, ಆದರೆ ಒಂದು ಪಾಲು ಖಂಡಿತ ಸಲ್ಲುತ್ತದೆ. ಆ ಪಾಲು ಎಷ್ಟು ಎಂಬುದನ್ನೇ ಇಲ್ಲಿ ಅಳೆಯಲು ಹೊರಟಿದ್ದೇನೆ. ಇದೇ ಅಚ್ಚಿನ ತರಗತಿಗಳು ಬೇಕಾದಷ್ಟಿವೆ. ದೂರಿನ ಮಾತುಗಳೂ ಬರುವುದರಿಂದ ಇದರ ಹೆಸರನ್ನು ಬಿಟ್ಟಿದ್ದೇನೆ.

ಸೇರುವ ಮೊದಲು ನನ್ನ ದರಕ್ಕೆ ಯಾವ ತಳಪಾಯವೂ ಇರಲಿಲ್ಲ. ಕೇಳಿದವರ ಮುಖ ನೋಡಿ ಮಣೆ ಹಾಕುತ್ತಿದ್ದೆ. ಪರಿಚಯದವರಾದರೆ ಒಂದು ಮೊತ್ತ, ಕಂಪನಿಯವರಂತೆ ಕಂಡರೆ ಇನ್ನೊಂದು, ಅವರ ದನಿಯಲ್ಲಿ ಸ್ವಲ್ಪ ಅನುಮಾನ ಕೇಳಿಸಿದರೆ ಮೊದಲನೆಯದಕ್ಕಿಂತಲೂ ಕಡಿಮೆ. ಒಂದೇ ಬಗೆಯ ಕೆಲಸಕ್ಕೆ ಒಂದೇ ತಿಂಗಳಲ್ಲಿ ಮೂರು ದರ ಹೇಳಿದ್ದೂ ಉಂಟು. ಆ ಮೂವರಲ್ಲಿ ಇಬ್ಬರು ಪರಸ್ಪರ ಗೊತ್ತಿದ್ದವರು ಎಂಬುದು ಆಮೇಲೆ ತಿಳಿಯಿತು.

ಮೊದಲ ಎರಡು ಪಾಠಗಳು ಖರ್ಚಿನ ಲೆಕ್ಕಕ್ಕೆ ಮೀಸಲು, ಮತ್ತು ಇಡೀ ತರಗತಿಯಲ್ಲಿ ಅತ್ಯಂತ ಗಟ್ಟಿಯಾಗಿರುವುದು ಅವೇ. ಕ್ಯಾಮೆರಾ ಕೊಂಡದ್ದು ಮುಗಿದುಹೋದ ಖರ್ಚು, ಇನ್ನು ಬರುವುದೆಲ್ಲ ಲಾಭ ಎಂದುಕೊಂಡಿದ್ದ ನನಗೆ ಸವಕಳಿಯ ಪರಿಕಲ್ಪನೆಯನ್ನು ಮೊದಲ ಬಾರಿಗೆ ಮನದಟ್ಟು ಮಾಡಿಸಿದ್ದು ಆ ಪಾಠಗಳು. ಬಾಡಿ, ಲೆನ್ಸ್, ಫ್ಲ್ಯಾಶ್, ಬ್ಯಾಟರಿ, ಮೆಮೊರಿ ಕಾರ್ಡ್, ಕಂಪ್ಯೂಟರ್ ಇವೆಲ್ಲದರ ಒಟ್ಟು ಬೆಲೆಯನ್ನು ಅವು ಬಾಳುವ ವರ್ಷಗಳಿಗೆ ಹಂಚಿ, ಆ ಮೊತ್ತವನ್ನು ಪ್ರತಿ ವರ್ಷದ ಖರ್ಚಿನಲ್ಲಿ ಬರೆಯಬೇಕು. ಅದರ ಮೇಲೆ ಸಾಫ್ಟ್‌ವೇರ್ ಚಂದಾ, ಹಾರ್ಡ್ ಡಿಸ್ಕ್, ವಿಮೆ, ಓಡಾಟ, ರಿಪೇರಿ, ತೆರಿಗೆ. ಎಲ್ಲಕ್ಕಿಂತ ಮುಖ್ಯವಾಗಿ, ತನ್ನ ಜೀವನ ನಡೆಯಲು ಬೇಕಾದ ಹಣ. ಕೊನೆಯದನ್ನು ಖರ್ಚಿನ ಪಟ್ಟಿಯಲ್ಲಿ ಸೇರಿಸುವುದಕ್ಕೆ ಹೊಸಬರು ಸಂಕೋಚಪಡುತ್ತಾರೆ ಎಂದು ಶಿಕ್ಷಕರು ಹೇಳಿದಾಗ ನನ್ನನ್ನೇ ನೋಡಿ ಹೇಳಿದಂತಾಯಿತು.

ಒಂದು ಕಡೆ ಮಾತ್ರ ಪಾಠ ಹಳೆಯದಾಗಿದೆ. ಕ್ಯಾಮೆರಾದ ಆಯುಸ್ಸನ್ನು ಶಟರ್ ಎಣಿಕೆಯಿಂದಲೇ, ಅಂದರೆ ಬೆಳಕನ್ನು ಒಳಬಿಡುವ ಪರದೆ ಎಷ್ಟು ಬಾರಿ ತೆರೆದು ಮುಚ್ಚಿದೆ ಎಂಬುದರಿಂದಲೇ, ಅಳೆಯಿರಿ ಎಂದು ಅಲ್ಲಿ ಹೇಳುತ್ತಾರೆ. ಕ್ಯಾನನ್ 5ಡಿ ಮಾರ್ಕ್ 4ರ ಶಟರ್ 1,50,000 ಬಾರಿ, ನಿಕಾನ್ ಡಿ850ರ ಶಟರ್ 2,00,000 ಬಾರಿ ಬಡಿದುಕೊಳ್ಳಬಲ್ಲದು ಎಂದು ತಯಾರಕರು ಹೇಳಿದ ಕಾಲಕ್ಕೆ ಈ ಲೆಕ್ಕ ಸೊಗಸಾಗಿತ್ತು. 2021ರಲ್ಲಿ ಬಂದ ನಿಕಾನ್ ಝಡ್9ರಲ್ಲಿ ಯಾಂತ್ರಿಕ ಶಟರೇ ಇಲ್ಲ. ಎಲೆಕ್ಟ್ರಾನಿಕ್ ಶಟರಿನಲ್ಲೇ ದಿನವಿಡೀ ತೆಗೆಯುವವರ ಕ್ಯಾಮೆರಾ ಸವೆದು ಹೋಗುವ ಮೊದಲು ಹಳತಾಗುತ್ತದೆ. ಹಾಗಾಗಿ ನಾಲ್ಕೋ ಐದೋ ವರ್ಷ ಎಂದು ಇಟ್ಟುಕೊಂಡು ಭಾಗಿಸುವುದೇ ಈಗ ನೇರವಾದ ದಾರಿ, ಮತ್ತು ನಾನು ಹಾಗೆಯೇ ಮಾಡಿದೆ.

ಇನ್ನು ಸ್ಪ್ರೆಡ್‌ಶೀಟ್. ತರಗತಿಯ ಜಾಹೀರಾತಿನಲ್ಲಿ ಎದ್ದುಕಾಣುವುದು ಇದು, ಮತ್ತು ನನ್ನ ದೊಡ್ಡ ತಕರಾರು ಇರುವುದೂ ಇದರ ಮೇಲೆಯೇ. ವರ್ಷದ ಖರ್ಚುಗಳನ್ನೆಲ್ಲ ಒಂದು ಬದಿಯಲ್ಲಿ ತುಂಬಿದರೆ ಇನ್ನೊಂದು ಬದಿಯಲ್ಲಿ ಹಸಿರು ಚೌಕದೊಳಗೆ ದಿನದ ದರ ಮೂಡುತ್ತದೆ. ನಾಣ್ಯ ಯಾವುದಾದರೂ ಇರಲಿ, ನನ್ನ ಲೆಕ್ಕವನ್ನು ಪಾಲುಗಳಲ್ಲಿ ಹೇಳುತ್ತೇನೆ. ಜೀವನಕ್ಕೆ 600 ಪಾಲು, ಸಲಕರಣೆಗಳ ಸವಕಳಿಗೆ 90, ಸಾಫ್ಟ್‌ವೇರ್, ಸಂಗ್ರಹ, ವಿಮೆ, ಓಡಾಟಗಳಿಗೆ 60, ತೆರಿಗೆಗೂ ಆಪತ್ಕಾಲಕ್ಕೂ ಸೇರಿ 150. ಒಟ್ಟು 900. ಹಸಿರು ಚೌಕ ಸುಮಾರು 3.5 ಎಂದು ತೋರಿಸಿತು. ನನಗೆ ಖುಷಿಯೇ ಆಯಿತು, ಏಕೆಂದರೆ ನಾನು ಅಷ್ಟು ಹೊತ್ತಿಗಾಗಲೇ ಅದರ ಆಸುಪಾಸಿನಲ್ಲೇ ತೆಗೆದುಕೊಳ್ಳುತ್ತಿದ್ದೆ. ಹಾಗಿದ್ದರೆ ಬ್ಯಾಂಕ್ ಖಾತೆ ಯಾಕೆ ಯಾವಾಗಲೂ ತಳ ಕಾಣುತ್ತದೆ ಎಂಬ ಪ್ರಶ್ನೆ ಹೊಳೆಯಲು ಎರಡು ತಿಂಗಳು ಬೇಕಾಯಿತು.

ಉತ್ತರ ಒಂದು ಬೂದು ಬಣ್ಣದ ಕೋಶದಲ್ಲಿ ಕುಳಿತಿತ್ತು. ವರ್ಷಕ್ಕೆ ದುಡಿಯುವ ದಿನಗಳು ಎಂಬ ಸಾಲಿನಲ್ಲಿ ಸ್ಪ್ರೆಡ್‌ಶೀಟ್ ತಾನಾಗಿಯೇ 260 ಎಂದು ತುಂಬಿಟ್ಟಿತ್ತು, ಅಂದರೆ 52 ವಾರಗಳನ್ನು ವಾರಕ್ಕೆ ಐದು ದಿನಗಳಿಂದ ಗುಣಿಸಿದ ಸಂಖ್ಯೆ. ಸಂಬಳದ ನೌಕರಿಯಲ್ಲಿರುವವರಿಗೆ ಒಪ್ಪುವ ಸಂಖ್ಯೆ ಅದು. ಸ್ವತಂತ್ರ ಫೋಟೋಗ್ರಾಫರಿಗೆ ವರ್ಷದಲ್ಲಿ 260 ದಿನ ಬಿಲ್ ಹಾಕುವಂಥ ಕೆಲಸ ಸಿಗುವುದಿರಲಿ, ಸಿಕ್ಕರೂ ಅದನ್ನು ಮಾಡಿ ಮುಗಿಸಲು ಸಾಧ್ಯವಿಲ್ಲ; ಒಂದು ದಿನದ ಶೂಟ್ ಹಿಂದೆ ಒಂದೆರಡು ದಿನಗಳ ಎಡಿಟಿಂಗ್ ಕಾದಿರುತ್ತದೆ. ಹಿಂದಿನ ವರ್ಷದ ನನ್ನ ಡೈರಿ ತೆಗೆದು ಎಣಿಸಿದೆ. ಬಿಲ್ ಹಾಕಿದ ದಿನಗಳು 60. ಬೂದು ಕೋಶದಲ್ಲಿ 60 ಎಂದು ಒತ್ತಿದ ಕೂಡಲೇ ಹಸಿರು ಚೌಕ 15ಕ್ಕೆ ನೆಗೆಯಿತು. ಅಂದರೆ ನಾನು ನಾಲ್ಕು ಪಟ್ಟಿಗೂ ಮೀರಿ ಕಡಿಮೆ ದರಕ್ಕೆ ದುಡಿಯುತ್ತಿದ್ದೆ, ಮತ್ತು ಸ್ಪ್ರೆಡ್‌ಶೀಟ್ ಅದಕ್ಕೆ ಸೈ ಎಂದಿತ್ತು. ಅಮೆರಿಕದಲ್ಲಿ 1946ರಲ್ಲಿ ಹುಟ್ಟಿದ ಪತ್ರಿಕಾ ಛಾಯಾಗ್ರಾಹಕರ ಸಂಘ, ಎನ್‌ಪಿಪಿಎ, ಇದೇ ಬಗೆಯ ವೆಚ್ಚದ ಲೆಕ್ಕ ಮಾಡಿಕೊಡುವ ಒಂದು ಸಾಧನವನ್ನು ತನ್ನ ಜಾಲತಾಣದಲ್ಲಿ ಇಟ್ಟಿದೆ. ದುಡ್ಡು ತರುವ ದಿನಗಳೆಷ್ಟು ಎಂಬುದು ಅಲ್ಲಿ ಖರ್ಚುಗಳಷ್ಟೇ ಮುಖ್ಯವಾದ ಪ್ರಶ್ನೆ. ಹಣ ಕೊಟ್ಟು ಸೇರಿದ ತರಗತಿಯಲ್ಲಿ ಅದೇ ಪ್ರಶ್ನೆ ಮೂಲೆಗೆ ಸರಿದಿದ್ದು ನನಗೆ ಈಗಲೂ ಅರಗದ ಮಾತು.

ದಿನಗಳ ಲೆಕ್ಕ ಹೀಗಾದರೆ ಗಂಟೆಗಳ ಲೆಕ್ಕ ಇನ್ನೂ ಕೆಟ್ಟದು. ಮೂರನೆಯ ಪಾಠ ಗಂಟೆಗೆ ಇಷ್ಟು ಎಂದು ದರ ಹೇಳುವುದನ್ನು ಕಲಿಸುತ್ತದೆ, ಆದರೆ ಅಲ್ಲಿ ಗಂಟೆ ಎಂದರೆ ಕ್ಯಾಮೆರಾ ಕೈಯಲ್ಲಿರುವ ಗಂಟೆ. ಆ ಪಾಠದ ನಂತರ ಬಂದ ಒಂದು ಕೆಲಸವನ್ನು ನಾನು ಗಡಿಯಾರ ಇಟ್ಟುಕೊಂಡು ಬರೆದಿಟ್ಟೆ. ಒಂದು ಕುಟುಂಬದ ಭಾವಚಿತ್ರಗಳು, ಎರಡು ಗಂಟೆಯ ಶೂಟ್. ಹಿಂದಿನ ಫೋನ್ ಮಾತು ಮತ್ತು ಇಮೇಲ್‌ಗಳಿಗೆ ಒಂದು ಗಂಟೆ, ಹೋಗಿ ಬರಲು ಒಂದೂವರೆ ಗಂಟೆ, ಬ್ಯಾಟರಿ ಚಾರ್ಜ್ ಮಾಡಿ ಲೆನ್ಸ್ ಒರೆಸಿ ಬ್ಯಾಗ್ ಕಟ್ಟುವುದು ಮತ್ತು ಬಂದ ಮೇಲೆ ಕಾರ್ಡ್ ಖಾಲಿ ಮಾಡುವುದು ಸೇರಿ ಮುಕ್ಕಾಲು ಗಂಟೆ. ತೆಗೆದದ್ದು 640 ಫ್ರೇಮ್. ಕಣ್ಣು ಮುಚ್ಚಿದ್ದು, ಮಗು ಓಡಿಹೋದದ್ದು, ಒಂದೇ ಥರದ್ದು ಎಂದು ಕಿತ್ತುಹಾಕಿ 60ಕ್ಕೆ ಇಳಿಸಲು ಒಂದೂವರೆ ಗಂಟೆ. ಒಂದೊಂದಕ್ಕೂ ಐದು ನಿಮಿಷದಂತೆ ಆ ಅರವತ್ತನ್ನು ತಿದ್ದಲು ಐದು ಗಂಟೆ. ಗ್ಯಾಲರಿ ಮಾಡಿ ಕಳಿಸಲು ಅರ್ಧ ಗಂಟೆ, ಬಿಲ್ ಬರೆದು ನೆನಪಿಸಲು ಕಾಲು ಗಂಟೆ. ಕೂಡಿದರೆ ಹನ್ನೆರಡೂವರೆ ಗಂಟೆ. ಎರಡು ಗಂಟೆಗೆ ದರ ಹೇಳಿದ ನನಗೆ ನಿಜದಲ್ಲಿ ಸಿಕ್ಕಿದ್ದು ಹೇಳಿದ ಗಂಟೆ ದರದ ಶೇಕಡ 16. ಕ್ಯಾಮೆರಾ ಕೊಡುವ ತಿದ್ದದ ಮೂಲ ಕಡತ, ಅಂದರೆ ರಾ ಫೈಲ್, ಒಂದಕ್ಕೆ 25 ಮೆಗಾಬೈಟ್ ಎಂದರೂ ಆ ಒಂದು ಕೆಲಸ 16 ಗಿಗಾಬೈಟ್ ಜಾಗ ತಿಂದಿತ್ತು, ಎರಡು ಪ್ರತಿ ಇಟ್ಟದ್ದರಿಂದ 32. ಹಾರ್ಡ್ ಡಿಸ್ಕ್ ಬಿಟ್ಟಿಯಾಗಿ ಬರುವುದಿಲ್ಲ.

ಇದಾದ ಮೇಲೆ ನಾನು ಗಂಟೆಯ ದರ ಹೇಳುವುದನ್ನೇ ನಿಲ್ಲಿಸಿದೆ. ಗಂಟೆಯ ದರ ಕೇಳಿದ ಗ್ರಾಹಕರು ಸಹಜವಾಗಿಯೇ ತಮ್ಮ ಸಂಬಳವನ್ನು ಗಂಟೆಗೆ ಭಾಗಿಸಿ ಹೋಲಿಸುತ್ತಾರೆ, ಮತ್ತು ಕಾಣದ ಹತ್ತೂವರೆ ಗಂಟೆಗಳನ್ನು ಅವರು ಊಹಿಸಿಕೊಳ್ಳಬೇಕೆಂದು ನಿರೀಕ್ಷಿಸುವುದು ತಪ್ಪು. ಈಗ ನಾನು ಕೆಲಸಕ್ಕೆ ಒಂದು ಮೊತ್ತ ಹೇಳುತ್ತೇನೆ, ಅದರೊಳಗೆ ಏನೇನಿದೆ ಎಂದು ಬರೆದುಕೊಡುತ್ತೇನೆ: ಎಷ್ಟು ಹೊತ್ತಿನ ಶೂಟ್, ಎಷ್ಟು ತಿದ್ದಿದ ಫೋಟೋ, ಎಷ್ಟು ಸುತ್ತಿನ ಬದಲಾವಣೆ, ಎಷ್ಟು ದಿನಗಳಲ್ಲಿ ಕೈಸೇರುತ್ತದೆ, ಮೀರಿದರೆ ಎಷ್ಟು. ಈ ಬದಲಾವಣೆಗೆ ಕಾರಣವಾದದ್ದು ಆ ಒಂದು ದಿನದ ಚೀಟಿ, ಮೂರನೆಯ ಪಾಠ ಅಲ್ಲ. ಆದರೆ ನ್ಯಾಯವಾಗಿ ಹೇಳಬೇಕೆಂದರೆ, ಒಳಗೊಂಡದ್ದನ್ನು ಬರೆದುಕೊಡುವ ಪದ್ಧತಿಯನ್ನು ಹೇಳಿಕೊಟ್ಟದ್ದು ನಾಲ್ಕನೆಯ ಪಾಠ. ಅರ್ಧ ದಿನದ ದರ ಪೂರ್ತಿ ದಿನದ ಅರ್ಧವಾಗಿರಬಾರದು ಎಂಬ ವಿವರಣೆಯೂ ಅದೇ ಪಾಠದಲ್ಲಿ ಚೆನ್ನಾಗಿ ಬಂದಿದೆ: ಬೆಳಗಿನ ಕೆಲಸ ಒಪ್ಪಿಕೊಂಡ ದಿನದ ಮಧ್ಯಾಹ್ನವನ್ನು ಬೇರೆಯವರಿಗೆ ಮಾರುವುದು ಬಹುತೇಕ ಆಗದ ಮಾತು, ತಯಾರಿಯ ಶ್ರಮ ಎರಡಕ್ಕೂ ಒಂದೇ.

ಐದನೆಯದು ಹಕ್ಕುಸ್ವಾಮ್ಯ ಮತ್ತು ಬಳಕೆಯ ಪರವಾನಗಿಯ ಪಾಠ. ಹನ್ನೊಂದೇ ನಿಮಿಷದ್ದು. ಇಷ್ಟು ಚಿಕ್ಕದಾಗಿ ಮುಗಿಸಿದ್ದಕ್ಕೆ ನಾನು ತೆತ್ತ ಬೆಲೆ ಇನ್ನೂ ನೆನಪಿದೆ. ಒಬ್ಬ ಸಣ್ಣ ತಯಾರಕರಿಗೆ ಅವರ ವಸ್ತುಗಳ ಫೋಟೋ ತೆಗೆದುಕೊಟ್ಟೆ. ಮಾತಾಗಿದ್ದು ಕ್ಯಾಟಲಾಗಿಗೆ, ದರ ಹೇಳಿದ್ದೂ ಕ್ಯಾಟಲಾಗಿಗೆ. ಕೆಲವು ತಿಂಗಳ ನಂತರ ಅದೇ ಫೋಟೋ ಆಳೆತ್ತರದ ಹೋರ್ಡಿಂಗ್ ಮೇಲೆ ಕಂಡಿತು. ಕೇಳಿದಾಗ ‘ದುಡ್ಡು ಕೊಟ್ಟಾಗಿದೆಯಲ್ಲ’ ಎಂಬ ಉತ್ತರ ಬಂತು, ಅದಕ್ಕೆ ಎದುರಾಗಿ ತೋರಿಸಲು ನನ್ನ ಬಳಿ ಒಂದು ಸಾಲಿನ ಬರಹವೂ ಇರಲಿಲ್ಲ. ತರಗತಿಯ ಕರಾರು ಪತ್ರದ ಮಾದರಿಯಲ್ಲಿ ಮುಂಗಡ, ರದ್ದತಿ, ತಡವಾದ ಪಾವತಿ ಎಲ್ಲದಕ್ಕೂ ಕಲಮು ಇತ್ತು. ಫೋಟೋವನ್ನು ಎಲ್ಲಿ, ಎಷ್ಟು ಕಾಲ, ಯಾವ ಮಾಧ್ಯಮದಲ್ಲಿ ಬಳಸಬಹುದು ಎಂಬುದಕ್ಕೆ ಇರಲಿಲ್ಲ.

ವಿಷಯ ಚಿಕ್ಕದಲ್ಲ ಎಂಬುದಕ್ಕೆ ಈ ಕಸುಬಿನ ಚರಿತ್ರೆಯೇ ಸಾಕು. 1947ರಲ್ಲಿ ರಾಬರ್ಟ್ ಕಾಪಾ, ಆನ್ರಿ ಕಾರ್ಟಿಯೆ ಬ್ರೆಸೊನ್ ಮುಂತಾದ ಹೆಸರಾಂತ ಫೋಟೋಗ್ರಾಫರುಗಳು ಸೇರಿ ಮ್ಯಾಗ್ನಂ ಫೋಟೋಸ್ ಎಂಬ ತಮ್ಮದೇ ಸಂಸ್ಥೆ ಕಟ್ಟಿದ್ದರ ಹಿಂದಿನ ಮುಖ್ಯ ಆಶಯವೇ ತೆಗೆದವರ ಕೈಯಲ್ಲೇ ಹಕ್ಕು ಉಳಿಯಬೇಕು, ಪತ್ರಿಕೆಗಳಿಗೆ ಬಳಕೆಯನ್ನಷ್ಟೇ ಮಾರಬೇಕು ಎಂಬುದಾಗಿತ್ತು. ಹಕ್ಕುಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದದ ವ್ಯವಸ್ಥೆಯಲ್ಲಿ ಫೋಟೋಗಳಿಗೆ ಕೊಡಬೇಕಾದ ಕನಿಷ್ಠ ರಕ್ಷಣೆ ತೆಗೆದಂದಿನಿಂದ 25 ವರ್ಷ ಮಾತ್ರ, ಸಾಹಿತ್ಯ ಸಂಗೀತಗಳಿಗೆ ಕರ್ತೃವಿನ ಮರಣದ ನಂತರ 50 ವರ್ಷ. ಈ ಮಲತಾಯಿ ಧೋರಣೆಯನ್ನು ತೆಗೆದುಹಾಕಲು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ, ಅಂದರೆ ವೈಪೋದ, 1996ರ ಹಕ್ಕುಸ್ವಾಮ್ಯ ಒಪ್ಪಂದ ಬರಬೇಕಾಯಿತು. ಇಷ್ಟಾದರೂ ಕೆಲವು ದೇಶಗಳ ಕಾನೂನಿನಲ್ಲಿ, ಬೇರೆ ಕರಾರು ಇಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಹಕ್ಕು ತೆಗೆಸಿದವರಿಗೇ ಹೋಗುತ್ತದೆ. ಹಾಗಿರುವಾಗ ಬರೆದಿಟ್ಟ ಒಂದು ಸಾಲಿಗೆ ಎಷ್ಟು ಬೆಲೆ ಇದೆ ಎಂಬುದನ್ನು ಹೊಸಬರಿಗೆ ಹೇಳದೆ ದರದ ಪಾಠ ಪೂರ್ತಿಯಾಗುವುದಾದರೂ ಹೇಗೆ? ಜಾಲತಾಣಕ್ಕೆ ಒಂದು ವರ್ಷ ಬಳಸುವ ಫೋಟೋಗೂ ಎಲ್ಲ ಮಾಧ್ಯಮಗಳಲ್ಲಿ ಎಂದೆಂದಿಗೂ ಬಳಸುವ ಫೋಟೋಗೂ ತೆಗೆಯುವ ಶ್ರಮ ಒಂದೇ ಇರಬಹುದು, ಗ್ರಾಹಕರಿಗೆ ಆಗುವ ಲಾಭ ಒಂದೇ ಅಲ್ಲ. ದರದಲ್ಲಿ ಆ ಅಂತರ ಕಾಣಬೇಕು. ಮನೆಯವರ ಭಾವಚಿತ್ರಕ್ಕೆ ಈ ತಲೆನೋವು ಬೇಡ, ಅಲ್ಲಿ ಸ್ವಂತ ಬಳಕೆಗೆ ಎಂಬ ಒಂದು ಸಾಲು ಸಾಕು.

ಇದೇ ಪಾಠದಲ್ಲಿ ಬರುವ ಒಂದು ಉತ್ತರವನ್ನು ಮಾತ್ರ ನಾನು ಆಗಾಗ ಬಳಸುತ್ತೇನೆ. ಐಸ್ಟಾಕ್‌ಫೋಟೋ 2000ದಲ್ಲಿ, ಶಟರ್‌ಸ್ಟಾಕ್ 2003ರಲ್ಲಿ ಶುರುವಾದ ಮೇಲೆ ಇಂಥ ಜಾಲತಾಣಗಳಲ್ಲಿ, ಮೊದಲೇ ತೆಗೆದಿಟ್ಟ ಅಗ್ಗದ ಸ್ಟಾಕ್ ಫೋಟೋ ಎಲ್ಲರ ಕೈಗೂ ಸಿಗುವಂತಾಗಿದೆ, ಆ ಬೆಲೆಯನ್ನು ತೋರಿಸಿ ಚೌಕಾಸಿ ಮಾಡುವ ಗ್ರಾಹಕರೂ ಇದ್ದಾರೆ. ಅವರಿಗೆ ಹೇಳಬೇಕಾದದ್ದು ಇಷ್ಟೇ: ಸ್ಟಾಕ್ ಫೋಟೋ ಒಂದನ್ನೇ ಸಾವಿರಾರು ಮಂದಿಗೆ ಮಾರುತ್ತಾರೆ, ನಿಮ್ಮ ಅಂಗಡಿಯ ಫೋಟೋವನ್ನು ನಾನು ಇನ್ನೊಬ್ಬರಿಗೆ ಮಾರಲಾಗುವುದಿಲ್ಲ.

ಆರನೆಯ ಪಾಠವನ್ನು ಬಿಟ್ಟುಬಿಡಬಹುದು. ಬೆಲೆಯ ಕೊನೆಗೆ 9 ಇರಲಿ, ಮೂರು ಪ್ಯಾಕೇಜ್ ಇಟ್ಟು ನಡುವಿನದಕ್ಕೆ ಬಣ್ಣ ಹಚ್ಚಿ ಎಂಬ ಉಪಾಯಗಳು ಅಲ್ಲಿವೆ. ನನ್ನ ಗ್ರಾಹಕರಲ್ಲಿ ಯಾರೂ ಬಣ್ಣ ನೋಡಿ ತೀರ್ಮಾನ ಮಾಡಿದಂತೆ ಕಾಣಲಿಲ್ಲ.

ಶುಲ್ಕ ಕೊಟ್ಟದ್ದು ಸಾರ್ಥಕ ಎನಿಸಿದ್ದು ಶಿಕ್ಷಕರೊಂದಿಗಿನ ಮೊದಲ ಭೇಟಿಯಲ್ಲಿ. ಅವರು ಗ್ರಾಹಕರ ಪಾತ್ರ ವಹಿಸಿ ನನ್ನಿಂದ ದರ ಹೇಳಿಸಿದರು. ನಾನು ಮೊತ್ತ ಹೇಳಿ, ಉಸಿರು ಎಳೆದುಕೊಳ್ಳದೆ, ‘ಜಾಸ್ತಿ ಅನ್ನಿಸಿದರೆ ಸ್ವಲ್ಪ ಕಡಿಮೆ ಮಾಡೋಣ, ನೋಡಿ’ ಎಂದೂ ಸೇರಿಸಿದೆ. ಪರದೆಯ ಮೇಲೆ ಅವರು ಸುಮ್ಮನೆ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಕೇಳಿದರು: ‘ನಾನು ಜಾಸ್ತಿ ಅಂದೆನಾ?’

‘ಇಲ್ಲ ಸರ್.’

‘ಮತ್ತೆ ಚೌಕಾಸಿ ಮಾಡಿದ್ದು ಯಾರು?’

ಆ ನಲವತ್ತು ನಿಮಿಷಗಳಲ್ಲಿ ಒಂದೇ ವಾಕ್ಯವನ್ನು ಹದಿನೈದು ಬಾರಿಯಾದರೂ ಹೇಳಿಸಿರಬೇಕು. ಮೊತ್ತ, ಅದರಲ್ಲಿ ಸೇರಿದ್ದೇನು, ಅಲ್ಲಿಗೆ ಪೂರ್ಣವಿರಾಮ. ಕಡಿಮೆ ಮಾಡಲೇಬೇಕಾದರೆ ದರದ ಜೊತೆಗೆ ಕೆಲಸವೂ ಕಡಿಮೆಯಾಗಬೇಕು, ಅರವತ್ತು ಫೋಟೋ ಇದ್ದದ್ದು ನಲವತ್ತಾಗಬೇಕು. ಅದೇ ಕೆಲಸಕ್ಕೆ ದರ ಇಳಿಸಿದರೆ ಮೊದಲು ಹೇಳಿದ್ದು ಸುಳ್ಳು ದರ ಎಂದು ನೀವೇ ಒಪ್ಪಿಕೊಂಡಂತೆ ಎಂದು ಅವರು ಹೇಳಿದ್ದು ಕೇಳಲು ಕಠಿಣವಾಗಿತ್ತು. ಆದರೆ ನ್ಯಾಯವಾದ ದರ ಎಂಬ ಮಾತಿಗೆ ಆ ತರಗತಿಯಲ್ಲಿ ಸಿಕ್ಕ ಅತ್ಯಂತ ಖಚಿತವಾದ ಅರ್ಥ ಅದೇ. ಚೌಕಾಸಿ ಮಾಡಿದವರಿಗೆ ಒಂದು ದರ, ಸಂಕೋಚದಿಂದ ಸುಮ್ಮನಿದ್ದವರಿಗೆ ಹೆಚ್ಚಿನ ದರ ಎಂದಾದರೆ ಅನ್ಯಾಯವಾಗುವುದು ಗ್ರಾಹಕರಿಗೂ ಹೌದು.

ಏಳನೆಯ ಪಾಠ ಬಿಟ್ಟಿ ಕೆಲಸದ ಬಗ್ಗೆ. ‘ದುಡ್ಡಿಲ್ಲ, ಆದರೆ ನಿಮ್ಮ ಹೆಸರು ಹಾಕುತ್ತೇವೆ’ ಎನ್ನುವವರಿಗೆ ಸದಾ ಇಲ್ಲ ಎನ್ನಿ ಎಂದು ಹಲವರು ಉಪದೇಶ ಮಾಡುತ್ತಾರೆ. ಕೈಯಲ್ಲಿ ತೋರಿಸಲು ಹತ್ತು ಒಳ್ಳೆಯ ಫೋಟೋಗಳಿಲ್ಲದ ಹೊಸಬರಿಗೆ ಆ ಉಪದೇಶದಿಂದ ಹೊಟ್ಟೆ ತುಂಬುವುದಿಲ್ಲ. ಇಲ್ಲಿನ ಸಲಹೆ ಹೆಚ್ಚು ವಿವೇಕದ್ದು. ಬಿಟ್ಟಿಯಾಗಿ ಅಥವಾ ರಿಯಾಯಿತಿಯಲ್ಲಿ ಮಾಡುವುದಾದರೆ ಎಷ್ಟು ಕೆಲಸ ಎಂದು ಮೊದಲೇ ಎಣಿಸಿಕೊಳ್ಳಿ, ಮತ್ತು ಪೂರ್ತಿ ದರದ ಬಿಲ್ ಬರೆದು ಅದರ ಕೆಳಗಿನ ಸಾಲಿನಲ್ಲಿ ರಿಯಾಯಿತಿ ತೋರಿಸಿ, ಮೊತ್ತ ಸೊನ್ನೆ ಆದರೂ ಸರಿ, ಬಿಲ್ ಕಳಿಸಿ. ಪರಿಚಯದ ಒಬ್ಬರಿಗೆ ನಾನು ಹೀಗೆ ಸೊನ್ನೆಯ ಬಿಲ್ ಕಳಿಸಿದಾಗ ನಾಚಿಕೆಯೇ ಆಗಿತ್ತು. ಮೂರು ತಿಂಗಳ ನಂತರ ಅವರ ಮಾತಿನ ಮೇಲೆ ಬಂದ ಹೊಸ ಗ್ರಾಹಕರು ಕೇಳಿದ್ದು ಬಿಟ್ಟಿ ಕೆಲಸವನ್ನಲ್ಲ, ಬಿಲ್‌ನ ಮೇಲಿನ ಸಾಲಿನಲ್ಲಿದ್ದ ದರವನ್ನು.

ಕೊನೆಯ ಪಾಠ ಮಾರುಕಟ್ಟೆಯ ದರ ತಿಳಿದುಕೊಳ್ಳಿ ಎನ್ನುತ್ತದೆ, ಹೇಗೆ ಎನ್ನುವುದಿಲ್ಲ. ಕಸುಬಿನವರು ತಮ್ಮ ದರವನ್ನು ಬಹಿರಂಗವಾಗಿ ಹಾಕುವುದು ಕಡಿಮೆ. ಸಂಘಗಳು ಒಟ್ಟಾಗಿ ದರ ಕಟ್ಟುವುದನ್ನು ಅನೇಕ ದೇಶಗಳ ಸ್ಪರ್ಧಾ ಕಾನೂನುಗಳು ತಡೆಯುತ್ತವೆ. ನನಗೆ ದಾರಿ ಸಿಕ್ಕಿದ್ದು ಹಿರಿಯ ಫೋಟೋಗ್ರಾಫರೊಬ್ಬರ ಜೊತೆ ಸಹಾಯಕನಂತೆ ಮೂರು ನಾಲ್ಕು ಕೆಲಸಗಳಿಗೆ ಹೋದಾಗ. ಅಲ್ಲಿ ದಿನದ ಕೂಲಿಯೂ ಬಂತು, ಅವರು ಕೊಟೇಶನ್ ಬರೆಯುವ ಕ್ರಮವೂ ಕಣ್ಣಿಗೆ ಬಿತ್ತು. ಅವರಿಗಿಂತ ನನ್ನ ದರ ಕಡಿಮೆ ಇರುವುದು ಸಹಜ, ಏಕೆಂದರೆ ನನ್ನ ಕೈಯಲ್ಲಿ ಕೆಡುವ ಫ್ರೇಮ್‌ಗಳು ಇನ್ನೂ ಹೆಚ್ಚು. ಆದರೆ ನನ್ನ ಖರ್ಚೇ ಹುಟ್ಟದಷ್ಟು ಕಡಿಮೆಯಾದರೆ ಅವರ ಕೆಲಸವನ್ನೂ ಕೆಡಿಸಿ, ವರ್ಷದೊಳಗೆ ನನ್ನ ಕ್ಯಾಮೆರಾವನ್ನೂ ಮಾರುವ ಸ್ಥಿತಿ ಬರುತ್ತದೆ.

ಸೇರಬೇಕೇ ಎಂದು ಕೇಳಿದವರಿಗೆ ನಾನು ಹೇಳುವುದು: ಮೊದಲು ಆರು ತಿಂಗಳು ಸ್ವಂತ ಡೈರಿ ಬರೆಯಿರಿ, ಬಿಲ್ ಹಾಕಿದ ದಿನಗಳೆಷ್ಟು, ಒಂದೊಂದು ಕೆಲಸಕ್ಕೆ ಹಿಡಿದ ಗಂಟೆಗಳೆಷ್ಟು ಎಂಬುದು ಕೈಯಲ್ಲಿರಲಿ. ಅದಿಲ್ಲದೆ ಸೇರಿದರೆ ಸ್ಪ್ರೆಡ್‌ಶೀಟ್ ನಿಮ್ಮ ತಪ್ಪಿಗೇ ಹಸಿರು ಬಣ್ಣ ಬಳಿದು ತೋರಿಸುತ್ತದೆ. ಅದನ್ನು ಹಿಡಿದುಕೊಂಡು ಸೇರಿದರೆ ಖರ್ಚಿನ ಎರಡು ಪಾಠಗಳು, ನಾಲ್ಕನೆಯದು, ಏಳನೆಯದು ಮತ್ತು ಆ ಎರಡು ಭೇಟಿಗಳು ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ. ಕರಾರು ಪತ್ರಕ್ಕೆ ಬಳಕೆಯ ಕಲಮನ್ನು ನೀವೇ ಸೇರಿಸಿಕೊಳ್ಳಬೇಕು, ಮೊತ್ತ ದೊಡ್ಡದಿದ್ದರೆ ನಿಮ್ಮ ಕಡೆಯ ವಕೀಲರಿಗೆ ಒಮ್ಮೆ ತೋರಿಸುವುದು ಒಳ್ಳೆಯದು. ಐದಕ್ಕೆ ಮೂರು ಅಂಕ ಕೊಡುತ್ತೇನೆ, ಭೇಟಿಗಳಿಗೆ ಮಾತ್ರ ಬೇರೆಯಾಗಿ ಕೊಡುವುದಾದರೆ ಐದೂ.

ಬೂದು ಕೋಶದ ವಿಷಯವನ್ನು ತರಗತಿಯವರಿಗೆ ಬರೆದಿದ್ದೆ. 260ನ್ನು ತೆಗೆದು ಖಾಲಿ ಬಿಡಿ, ತುಂಬುವವರು ತಮ್ಮ ಸಂಖ್ಯೆ ತುಂಬಲಿ ಎಂದು ಕೇಳಿದ್ದೆ. ಆ ಕೋಶವನ್ನು ಬಳಕೆದಾರರು ಬದಲಾಯಿಸಿಕೊಳ್ಳಬಹುದು ಎಂಬ ವಿನಯದ ಉತ್ತರ ಮರುದಿನವೇ ಬಂತು. ಕಳೆದ ತಿಂಗಳು ಹೊಸ ಆವೃತ್ತಿಯ ಸ್ಪ್ರೆಡ್‌ಶೀಟ್ ಕಳಿಸಿದ್ದಾರೆ. ಹಸಿರು ಚೌಕ ಈಗ ದುಂಡಗಾಗಿದೆ, ಬೂದು ಕೋಶದಲ್ಲಿ 260 ಹಾಗೆಯೇ ಇದೆ.